ಗಲ್ಫ್‌ನಿಂದ ಡೆಟ್ರಾಯಿಟ್‌ಗೆ: ಕೆಲಸದ ಜಾಗದಲ್ಲಿ ಏನೇನು ಬದಲಾಗುತ್ತದೆ?

ವಿಕ್ಸಮ್ (ಮಿಶಿಗನ್): ದುಬೈ, ದೋಹಾ, ಕುವೈತ್‌ನಲ್ಲಿ ಹತ್ತು-ಹದಿನೈದು ವರ್ಷ ದುಡಿದ ನಮ್ಮವರಲ್ಲಿ ಕೆಲವರು ಈಗ ಅಮೆರಿಕಕ್ಕೂ ಬರುತ್ತಿದ್ದಾರೆ. ಹೊರಡುವ ಮೊದಲು ಫೋನ್ ಮಾಡಿ ಕೇಳೋದು ಚಳಿ ಎಷ್ಟು, ಮನೆ ಬಾಡಿಗೆ ಎಷ್ಟು ಅಂತ. ಆದರೆ ಬಂದ ಮೇಲೆ ಕಷ್ಟ ಕೊಡುವುದು ಆಫೀಸಿನ ರೀತಿ-ರಿವಾಜು. ದುಬೈಯಲ್ಲೂ ಲೆಕ್ಕ ಬರೆದು, ಇಲ್ಲೂ ಲೆಕ್ಕ ಬರೆಯುತ್ತಿರುವ ನನಗೆ ತಿಳಿದಷ್ಟನ್ನು ಇಲ್ಲಿ ಹೇಳಿದ್ದೇನೆ.

ರೆಸ್ಯೂಮೆ

ಗಲ್ಫ್‌ನಲ್ಲಿ ಫೋಟೊ, ವಯಸ್ಸು, ಧರ್ಮ, ಮದುವೆ ಆಗಿದೆಯೋ ಇಲ್ಲವೋ, ಪಾಸ್‌ಪೋರ್ಟ್ ನಂಬರ್ ಎಲ್ಲ ಹಾಕುವುದು ರೂಢಿ. ಇಲ್ಲಿ ಇದ್ಯಾವುದನ್ನೂ ಹಾಕಬೇಡಿ. 1964ರ ನಾಗರಿಕ ಹಕ್ಕು ಕಾಯ್ದೆಯ ಪ್ರಕಾರ ಬಣ್ಣ, ಧರ್ಮ, ಲಿಂಗ, ಮೂಲದೇಶ ನೋಡಿ ಕೆಲಸ ಕೊಡುವ ಹಾಗಿಲ್ಲ. ಹಾಗಾಗಿ ಕಂಪನಿಗಳು ಆ ವಿವರ ಬೇಡ ಎಂದೇ ಬಯಸುತ್ತವೆ.

'ಸರ್' ಬೇಡ, ಹೆಸರು ಸಾಕು

ಮ್ಯಾನೇಜರ್ ಅರುವತ್ತರ ಹಿರಿಯರಾದರೂ ಇಲ್ಲಿ ಹೆಸರು ಹಿಡಿದೇ ಕರೆಯುತ್ತಾರೆ. ನಮಗೆ ನಾಲಿಗೆ ಬರುವುದಿಲ್ಲ, ನಿಜ. ಅದು ಅಗೌರವ ಅಲ್ಲ. ಬೆಳಿಗ್ಗೆ ಸಿಕ್ಕಿದವರು 'ಹೇಗಿದ್ದೀರಿ' ಅಂದರೆ ಅದು ಬರೀ ನಮಸ್ಕಾರ. 'ಚೆನ್ನಾಗಿದ್ದೇನೆ, ನೀವು?' ಅಂದರೆ ಮುಗಿಯಿತು. ಸಂಬಳ ಎಷ್ಟು, ಮಕ್ಕಳು ಯಾಕಿಲ್ಲ ಅಂತೆಲ್ಲ ವಿಚಾರಿಸಬೇಡಿ.

'ಆಯ್ತು' ಎಂಬ ಮಾತು

ನಾನು ಎಡವಿದ್ದು ಇಲ್ಲೇ. ಸೇರಿದ ಮೊದಲ ತಿಂಗಳು ಮ್ಯಾನೇಜರ್, ಶುಕ್ರವಾರದೊಳಗೆ ಬ್ಯಾಂಕ್ ಲೆಕ್ಕ ತಾಳೆ ಹಾಕಲು ಆಗುತ್ತದಾ ಅಂತ ಕೇಳಿದರು. ಎರಡು ಸ್ಟೇಟ್‌ಮೆಂಟ್ ಬಂದಿರಲಿಲ್ಲ. ಆದರೂ 'ಆಯ್ತು' ಅಂದೆ. ಶುಕ್ರವಾರ ಕೆಲಸ ಆಗಿರಲಿಲ್ಲ. ಅವರು ಬೈಯಲಿಲ್ಲ. 'ಮುಗಿಯದ್ದು ತೊಂದರೆ ಅಲ್ಲ, ಬುಧವಾರವೇ ನೀನು ಹೇಳದಿದ್ದದ್ದು ತೊಂದರೆ' ಅಂದರು.

ಗಲ್ಫ್‌ನಲ್ಲಿ ವೀಸಾ ಕಂಪನಿಯವರ ಕೈಯಲ್ಲಿ ಇರುತ್ತದೆ. 'ಆಗಲ್ಲ' ಎನ್ನಲು ಹೆದರಿ ಹೆದರಿ 'ಆಯ್ತು' ಎನ್ನುವುದೇ ಅಭ್ಯಾಸ ಆಗಿಬಿಡುತ್ತದೆ. ಇಲ್ಲಿ 'ಆಯ್ತು' ಅಂದರೆ ಕೊಟ್ಟ ಮಾತು. ಆಗದಿದ್ದರೆ ಕಾರಣ ಹೇಳಿ, ಯಾವ ದಿನ ಆಗುತ್ತದೆ ಅಂತಲೂ ಹೇಳಿ.

ಕೆಲಸ ಹೋದರೆ

ಯುಎಇಯಲ್ಲಿ ವರ್ಷ ತುಂಬಿದವರಿಗೆ ಗ್ರಾಚ್ಯುಟಿ ಇದೆ: ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲ ವೇತನ, ನಂತರ 30 ದಿನದ್ದು. ಊರಿಗೆ ಹೋಗುವಾಗ ಒಂದು ಗಂಟು ಸಿಗುತ್ತದೆ. ಇಲ್ಲಿ ಅಂಥ ಕಾನೂನು ಇಲ್ಲ. ಹೆಚ್ಚಿನ ಕೆಲಸಗಳಲ್ಲಿ ನೋಟಿಸ್ ಕೊಡದೆಯೂ ತೆಗೆಯಬಹುದು, ನೀವೂ ಹಾಗೆಯೇ ಬಿಡಬಹುದು. ಎಚ್-1ಬಿಯವರಿಗೆ ಕೆಲಸ ಹೋದರೆ ಬೇರೆ ದಾರಿ ನೋಡಲು ಸಿಗುವುದು ಹೆಚ್ಚೆಂದರೆ 60 ದಿನ. ಈ ವಿಕ್ಸಮ್‌ನಲ್ಲೇ 1957ರಲ್ಲಿ ಶುರುವಾದ ಫೋರ್ಡ್ ಕಾರ್ಖಾನೆ ಲಿಂಕನ್ ಕಾರುಗಳನ್ನು ತಯಾರಿಸುತ್ತಿತ್ತು, 2007ರಲ್ಲಿ ಬಾಗಿಲು ಹಾಕಿತು. ಎಷ್ಟು ದೊಡ್ಡ ಕಂಪನಿಯಾದರೂ ಆರು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಳ್ಳಿ.

ಸಂಬಳ ಮತ್ತು ತೆರಿಗೆ

ಗಲ್ಫ್‌ನಲ್ಲಿ ಸಂಬಳಕ್ಕೆ ತೆರಿಗೆ ಇಲ್ಲ, ಹೇಳಿದಷ್ಟು ಕೈಗೆ ಬರುತ್ತದೆ. ಇಲ್ಲಿ ಕೇಂದ್ರ ತೆರಿಗೆಯ ಜೊತೆ ಮಿಶಿಗನ್‌ಗೆ 4.25%, ಶಿಕಾಗೊ ಕಡೆಯಾದರೆ ಇಲಿನಾಯ್‌ಗೆ 4.95% ಹೋಗುತ್ತದೆ. ಸೋಶಿಯಲ್ ಸೆಕ್ಯುರಿಟಿಗೆ 6.2%, ಮೆಡಿಕೇರ್‌ಗೆ 1.45% ಬೇರೆ. ವಿಮೆಯ ಕಂತೂ ಕಡಿತ ಆಗುತ್ತದೆ. ಆಫರ್ ಲೆಟರ್‌ನ ಮೊತ್ತವನ್ನು ದಿರ್ಹಮ್‌ಗೆ ಗುಣಿಸಿ ಖುಷಿ ಪಡುವ ಮೊದಲು ಇದನ್ನೆಲ್ಲ ಕಳೆಯಿರಿ.

ಎಲ್ಲಕ್ಕಿಂತ ಮುಖ್ಯ ಮಾತು: ತೆರಿಗೆ ಲೆಕ್ಕದಲ್ಲಿ ನೀವು ಇಲ್ಲಿನ ನಿವಾಸಿ ಆದ ಮೇಲೆ ಊರಿನ ಎನ್‌ಆರ್‌ಇ ಡೆಪಾಸಿಟ್‌ನ ಬಡ್ಡಿಗೂ ತೆರಿಗೆ ಇದೆ. ಭಾರತದಲ್ಲಿ ಆ ಬಡ್ಡಿಗೆ ತೆರಿಗೆ ಇಲ್ಲ ಅಂತ ಇಲ್ಲಿ ಬಿಟ್ಟುಬಿಡುವ ಹಾಗಿಲ್ಲ. ಊರಿನ ಮತ್ತು ಗಲ್ಫ್‌ನ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಿಎಆರ್ ಎಂಬ ವರದಿ ಸಲ್ಲಿಸಬೇಕು. ತಂದೆ-ತಾಯಿ ಜೊತೆಗಿನ ಜಂಟಿ ಖಾತೆಯೂ ಲೆಕ್ಕಕ್ಕೆ ಬರುತ್ತದೆ. ಗೊತ್ತಿರಲಿಲ್ಲ ಅಂದರೂ ದಂಡ ಬೀಳಬಹುದು. ವಿಮಾನ ಹತ್ತುವ ಮೊದಲೇ ಎಲ್ಲ ಖಾತೆಗಳ ಪಟ್ಟಿ ಮಾಡಿಟ್ಟುಕೊಳ್ಳಿ.

ಒಬ್ಬಂಟಿ ಆಗಬೇಡಿ

ಗಲ್ಫ್‌ನ ರೂಮಿನಲ್ಲಿ ನಾಲ್ಕು ಜನ ಊರವರು ಇರುತ್ತಾರೆ. ಇಲ್ಲಿ ಪಕ್ಕದ ಮನೆಯವರ ಮುಖ ಕಾಣಲೂ ವಾರ ಹಿಡಿಯುತ್ತದೆ. ಡೆಟ್ರಾಯಿಟ್ ಕಡೆ ಪಂಪ ಕನ್ನಡ ಕೂಟ, ಶಿಕಾಗೊದಲ್ಲಿ ವಿದ್ಯಾರಣ್ಯ ಕನ್ನಡ ಕೂಟ ಇವೆ. ಅರಬ್ಬಿ ಅಂಗಡಿ-ಹೋಟೆಲುಗಳ ನೆನಪಾದರೆ ಡಿಯರ್‌ಬಾರ್ನ್‌ಗೆ ಹೋಗಿ, ಅರಬ್ಬಿ ಬೋರ್ಡುಗಳು ಸಾಲಾಗಿ ಕಾಣುತ್ತವೆ.

ಗಲ್ಫ್‌ನಲ್ಲಿ ಕಲಿತ ಶ್ರಮ, ಹತ್ತು ದೇಶದವರ ಜೊತೆ ಹೊಂದಿಕೊಂಡ ಅನುಭವ ಇಲ್ಲೂ ಕೈ ಹಿಡಿಯುತ್ತದೆ. ಬಿಡಬೇಕಾದದ್ದು ಬಾಯಿ ಬಿಡಲು ಹೆದರುವ ಅಭ್ಯಾಸ ಒಂದನ್ನೇ.