ಕಂಪ್ಯೂಟರ್ ಕೋಣೆಯ ಚರಿತ್ರೆ

ಯಾದಗಿರಿಯ ಗಿರಿದುರ್ಗವನ್ನೂ, ಶಹಾಪುರದಲ್ಲಿ ಬುದ್ಧನು ಪವಡಿಸಿದಂತೆ ತೋರುವ ಬೆಟ್ಟದ ಸಾಲನ್ನೂ, ಸುರಪುರದ ನಾಯಕ ಅರಸರ ರಾಜಧಾನಿಯಲ್ಲಿ ಇಂದಿಗೂ ನಿಂತಿರುವ ಟೇಲರ್ ಮಂಜಿಲನ್ನೂ ಕುರಿತು ಬರೆದವರು ಅನೇಕರುಂಟು. ಇದೇ ಸೀಮೆಯ ಪ್ರೌಢಶಾಲೆಗಳಲ್ಲಿ ಬೀಗಮುದ್ರೆಯೊಳಗೆ ಜೋಪಾನವಾಗಿರುವ ಕಂಪ್ಯೂಟರ್ ಕೋಣೆಯ ಚರಿತ್ರೆಯನ್ನು ಬರೆದವರು ವಿರಳ.

ನಮ್ಮ ದೇಶದ ಶಾಲೆಗಳಿಗೆ ಗಣಕಯಂತ್ರವನ್ನು ತರುವ ಪ್ರಯತ್ನಕ್ಕೆ 1984ರ ‘ಕ್ಲಾಸ್’ ಯೋಜನೆಯು ನಾಂದಿಯಾಯಿತು. ಆಗ ಆಯ್ದ ಶಾಲೆಗಳಿಗೆ ಬಂದ ಬಿ.ಬಿ.ಸಿ. ಮೈಕ್ರೋ ಎಂಬ ಆಂಗ್ಲದೇಶದ ಯಂತ್ರದಲ್ಲಿ ಮೂಲ ತಂತ್ರಾಂಶವು ಅಳಿಸಲಾಗದ ಚಿಪ್ಪಿನಲ್ಲಿಯೇ ನೆಲೆಸಿದ್ದುದರಿಂದ, ಯಂತ್ರವು ದಿಕ್ಕುಗೆಟ್ಟಾಗ ಬಂದ್ ಮಾಡಿ ಮರಳಿ ಚಾಲೂ ಮಾಡಿದೊಡನೆ ಅದು ನಿರ್ಮಲವಾಗಿ ಎಚ್ಚರಗೊಳ್ಳುತ್ತಿದ್ದಿತು. ಆ ಚಿಕಿತ್ಸೆಗೆ ಅಂದು ಶಾಸ್ತ್ರೀಯವಾದ ಆಧಾರವಿದ್ದಿತು. ಈ ಶತಮಾನದ ಆದಿಯಲ್ಲಿ ‘ಮಾಹಿತಿ ಸಿಂಧು’ ಯೋಜನೆಯು ರಾಜ್ಯದ ಸುಮಾರು 1000 ಸರ್ಕಾರಿ ಪ್ರೌಢಶಾಲೆಗಳನ್ನು ಮುಟ್ಟುವ ವೇಳೆಗೆ, ಈ ಮೂರು ತಾಲೂಕುಗಳು ಇನ್ನೂ ಗುಲ್ಬರ್ಗ ಜಿಲ್ಲೆಗೆ ಸೇರಿದ್ದಾಗಲೇ, ಯಂತ್ರದ ರಚನೆಯು ಪೂರ್ಣವಾಗಿ ಮಾರ್ಪಟ್ಟಿದ್ದಿತು, ಆಚಾರ ಮಾತ್ರ ಹಾಗೆಯೇ ಉಳಿಯಿತು. ಆ ಕಾಲದ ವಿಂಡೋಸ್ 98 ಹಾರ್ಡ್‌ಡಿಸ್ಕಿನ ಮೇಲೆ ಏನನ್ನಾದರೂ ಬರೆಯುತ್ತಿರುವಾಗ ಕರೆಂಟ್ ಹೋದರೆ ಕಡತಗಳ ಪಟ್ಟಿ ಅಪೂರ್ಣವಾಗಿ ನಿಂತು, ಮುಂದಿನ ಸಲ ಸ್ಕ್ಯಾನ್‌ಡಿಸ್ಕಿನ ನೀಲಿ ಪರದೆ ತಲೆದೋರುತ್ತಿದ್ದಿತು. ಹಿಂದೆ ಔಷಧವಾಗಿದ್ದುದೇ ಈಗ ವ್ಯಾಧಿಯ ಮೂಲವಾಯಿತು.

ಪೂರ್ಣವಾಗಿ ಕೆಟ್ಟ ಯಂತ್ರವನ್ನು ದುರಸ್ತಿ ಮಾಡುವುದು ಕಷ್ಟವಲ್ಲ. ಒಮ್ಮೆ ನೆಟ್ಟಗೆ ನಡೆದು ಇನ್ನೊಮ್ಮೆ ಮುನಿಯುವ ಯಂತ್ರವೇ ಉಪಾಧ್ಯಾಯರ ತಾಳ್ಮೆಯನ್ನು ಪರೀಕ್ಷಿಸತಕ್ಕುದು. “ಸರ, ಮತ್ತ ಹ್ಯಾಂಗ್ ಆತ್ರಿ” ಎಂದು ಹುಡುಗನು ಕೂಗಿದ ಯಂತ್ರವು, ದೂರದ ಊರಿನಿಂದ ತಂತ್ರಜ್ಞನು ಬಂದು ಕುಳಿತಾಗ ಯಾವ ದೋಷವನ್ನೂ ತೋರಿಸದು. ಇಂತಹ ದೋಷಕ್ಕೆ ಕಾರಣವೇ ಇಲ್ಲವೆಂದು ಕೈಚೆಲ್ಲುವುದು ನನಗೆ ಒಪ್ಪಿಗೆಯಿಲ್ಲ. 1978ರಲ್ಲಿ ಇಂಟೆಲ್ ಸಂಸ್ಥೆಯ ತಿಮೋತಿ ಮೇ ಮತ್ತು ಮರ್ರೆ ವುಡ್ಸ್ ಎಂಬುವರು, ಸ್ಮೃತಿಚಿಪ್ಪುಗಳಲ್ಲಿ ಅಕಾರಣವಾಗಿ ಅಂಕಿ ಪಲ್ಲಟವಾಗುವುದಕ್ಕೆ ಚಿಪ್ಪಿನ ಹೊರಕವಚದಲ್ಲಿದ್ದ ಅತ್ಯಲ್ಪ ವಿಕಿರಣ ದ್ರವ್ಯದಿಂದ ಹೊಮ್ಮುವ ಆಲ್ಫಾ ಕಣಗಳೇ ಕಾರಣವೆಂದು ತೋರಿಸಿಕೊಟ್ಟರು. ಅಷ್ಟು ಸೂಕ್ಷ್ಮವಾದುದಕ್ಕೂ ಕಾರಣ ದೊರೆತ ಮೇಲೆ, ನಮ್ಮ ಕೋಣೆಯ ದೋಷಕ್ಕೆ ದೊರೆಯದೆ ಹೋದೀತೆ?

ಆ ಕಾರಣಗಳು ಬಹುಮಟ್ಟಿಗೆ ಈ ನೆಲದವೇ ಆಗಿವೆ. ಬೆಳಿಗ್ಗೆ ಸರಿಯಾಗಿದ್ದು ಮಧ್ಯಾಹ್ನ ನಿಲ್ಲುವ ಯಂತ್ರವನ್ನು, 40 ಡಿಗ್ರಿ ಮೀರುವ ಬೇಸಗೆಯೂ ಫ್ಯಾನಿನ ಎಲೆಗಳಿಗೆ ಮೆತ್ತಿದ ಎರೆಮಣ್ಣಿನ ಧೂಳೂ ಕೂಡಿ ಬಾಧಿಸುತ್ತಿರುತ್ತವೆ. ಪ್ರತಿಸಲವೂ ಬೇರೆಬೇರೆ ಕಡೆ ಎಡವುವ ಯಂತ್ರದಲ್ಲಿ ರ್‍ಯಾಮ್ ಪಟ್ಟಿಯನ್ನು ಸಂಶಯಿಸಬೇಕು. ಅದನ್ನು ಕಳಚಿ ಪೆನ್ಸಿಲ್ ರಬ್ಬರಿನಿಂದ ಅದರ ಹೊಂಬಣ್ಣದ ಅಂಚನ್ನು ಮೃದುವಾಗಿ ಉಜ್ಜಿ ಮತ್ತೆ ಕೂಡಿಸುವ ಪದ್ಧತಿಯು ಉಪಾಧ್ಯಾಯರಿಂದ ವಿದ್ಯಾರ್ಥಿಗಳಿಗೆ ಹಸ್ತಾಂತರವಾಗಿ ಬಂದುದು. ದಿನಾಂಕವು ಪ್ರತಿದಿನವೂ ಹಿಂದಕ್ಕೆ ಸರಿದರೆ 3 ವೋಲ್ಟಿನ ನಾಣ್ಯದಾಕಾರದ ಸೆಲ್ ಬರಿದಾಗಿರುತ್ತದೆ. ತಾನಾಗಿಯೇ ಆರಿ ಹೊತ್ತುವ ಯಂತ್ರದ ಮದರ್‌ಬೋರ್ಡಿನಲ್ಲಿ ತಲೆಯುಬ್ಬಿದ ಕೆಪಾಸಿಟರುಗಳು ಕಂಡಾವು; ಈ ಶತಮಾನದ ಮೊದಲ ವರುಷಗಳಲ್ಲಿ ಅಂತಹ ದುರ್ಬಲ ಕೆಪಾಸಿಟರುಗಳು ಜಗತ್ತಿನಾದ್ಯಂತ ಹರಡಿದ್ದವು. ಸಾಲಿನ ಯಂತ್ರಗಳೆಲ್ಲವೂ ಒಮ್ಮೆಗೇ ಚಂಚಲವಾದರೆ ದೃಷ್ಟಿಯು ಕೋಣೆಯ ಹೊರಗೆ, ಇದ್ದಿಲು ಉಪ್ಪು ತುಂಬಿದ ಅರ್ಥಿಂಗ್ ಗುಂಡಿಯತ್ತ ಹರಿಯಬೇಕು. ಬಿಸಿಲಿಗೆ ಒಣಗಿದ ಆ ಗುಂಡಿಗೆ ನೀರು ಹೊಯ್ದ ಬಳಿಕ ಯಂತ್ರಗಳು ಸ್ಥಿಮಿತಕ್ಕೆ ಬಂದರೆ ಆಶ್ಚರ್ಯಪಡಬೇಕಾದುದಿಲ್ಲ.

ಕಾಣಿಸಿಕೊಂಡು ಮರೆಯಾಗುವ ದೋಷವನ್ನು ಹಿಡಿಯಲು ಅದರ ಚರಿತ್ರೆಯೊಂದೇ ಸಾಧನ. ಯಾವ ದಿನ, ಎಷ್ಟು ಗಂಟೆಗೆ, ಎಂತಹ ಬಿಸಿಲಿನಲ್ಲಿ, ಕರೆಂಟ್ ಬಂದ ಎಷ್ಟು ಹೊತ್ತಿಗೆ, ಯಾವ ಪಾಠ ತೆರೆದಿದ್ದಾಗ ಯಂತ್ರವು ನಿಂತಿತೆಂಬುದನ್ನು ಮಕ್ಕಳ ಕೈಯಿಂದಲೇ ಒಂದು ರಿಜಿಸ್ಟರಿನಲ್ಲಿ ಬರೆಯಿಸಬೇಕು. ಯಾದಗಿರಿ, ಶಹಾಪುರ, ಸುರಪುರಗಳ ಮುಖ್ಯೋಪಾಧ್ಯಾಯರು ತಮ್ಮ ಕಪಾಟುಗಳಲ್ಲಿರುವ ಹಳೆಯ ಕಂಪ್ಯೂಟರ್ ರಿಜಿಸ್ಟರುಗಳನ್ನು ದಯಮಾಡಿ ರದ್ದಿಗೆ ಹಾಕದಿರಲಿ.