ಮರದ ಸಿಪಾಯಿಗಳು ಬರೆಸಿದ ಯುದ್ಧ

ಮೇಜಿನ ಮೇಲೆ ಗೊಂಬೆ ಸಿಪಾಯಿಗಳನ್ನು ನಿಲ್ಲಿಸಿ, ನಿಯಮಗಳಿಗೆ ತಕ್ಕಂತೆ ಯುದ್ಧದ ಆಟವಾಡಿ, ಆಟದಲ್ಲಿ ನಡೆದುದನ್ನು ಚಿತ್ರಕಥೆಯಾಗಿ ಬರೆಯುವ ಹವ್ಯಾಸ ಇಂದು ಹಲವು ದೇಶಗಳಲ್ಲಿದೆ. ಇದು ಕ್ಯಾಮೆರಾ, ಕಂಪ್ಯೂಟರುಗಳ ಕಾಲದ ಹುಚ್ಚು ಎಂದು ಯಾರಿಗಾದರೂ ಅನ್ನಿಸೀತು. ಆದರೆ ಕಾಮಿಕ್ಸ್ ಎಂಬ ಹೆಸರು ಚಾಲ್ತಿಗೆ ಬರುವ ಮೊದಲೇ, 1827ರಲ್ಲಿ, ಇಂಗ್ಲೆಂಡಿನ ಒಂಬತ್ತು ವರ್ಷದ ಹುಡುಗನೊಬ್ಬ ಯುದ್ಧದ ಚಿತ್ರಪುಸ್ತಕವೊಂದನ್ನು ಮಾಡಿದ್ದ. ಆ ಹುಡುಗನ ಮನೆಯ ಆಟಕ್ಕೂ ನಮ್ಮ ಶ್ರೀರಂಗಪಟ್ಟಣಕ್ಕೂ ಒಂದು ನಂಟಿದೆ.

ಯಾರ್ಕ್‌ಶೈರಿನ ಹಾವರ್ತ್ ಎಂಬ ಹಳ್ಳಿಯ ಪಾದ್ರಿ ಪ್ಯಾಟ್ರಿಕ್ ಬ್ರಾಂಟೆ 1826ರ ಜೂನಿನಲ್ಲಿ ಲೀಡ್ಸ್ ಪಟ್ಟಣದಿಂದ ಬರುವಾಗ ಮಗ ಬ್ರಾನ್‌ವೆಲ್‌ಗೆಂದು 12 ಮರದ ಸಿಪಾಯಿಗಳ ಪೆಟ್ಟಿಗೆಯೊಂದನ್ನು ತಂದರು. ತಾಯಿಯಿಲ್ಲದ ನಾಲ್ವರು ಮಕ್ಕಳೂ ಒಬ್ಬೊಬ್ಬ ಸಿಪಾಯಿಯನ್ನು ತಮ್ಮದಾಗಿಸಿಕೊಂಡರು. ಹತ್ತು ವರ್ಷದ ಷಾರ್ಲೆಟ್ ಎಲ್ಲರಿಗಿಂತ ಚೆಂದದವನನ್ನು ಎತ್ತಿಕೊಂಡು ‘ಡ್ಯೂಕ್ ಆಫ್ ವೆಲಿಂಗ್ಟನ್’ ಎಂದಳು. ಬ್ರಾನ್‌ವೆಲ್ ತನ್ನವನಿಗೆ ಬೋನಪಾರ್ಟೆ ಎಂದು ಹೆಸರಿಟ್ಟ. ಎಮಿಲಿ ಮತ್ತು ಆನ್ ಇನ್ನೂ ಚಿಕ್ಕವರು. ಅವರ ಪಾಲಿಗೆ ಬಂದದ್ದು ಗಂಭೀರ ಮುಖದವನೊಬ್ಬ, ಪುಟ್ಟ ಆಳುಹುಡುಗನೊಬ್ಬ. ‘ಜೇನ್ ಐರ್’, ‘ವುದರಿಂಗ್ ಹೈಟ್ಸ್’ ಬರೆದು ಮುಂದೆ ಜಗತ್ಪ್ರಸಿದ್ಧರಾದ ಬ್ರಾಂಟೆ ಸಹೋದರಿಯರ ಬರವಣಿಗೆ ಬೆಳೆದುಬಂದದ್ದು ಈ ಪೆಟ್ಟಿಗೆಯಿಂದ.

ಮರುವರ್ಷದ ಮಾರ್ಚಿನಲ್ಲಿ ಬ್ರಾನ್‌ವೆಲ್ ಮಾಡಿದ ‘ಯುದ್ಧ ಪುಸ್ತಕ’ದಲ್ಲಿ ಕದನದ ಬಣ್ಣದ ಚಿತ್ರಗಳಿವೆ. ಹೆಸರಿನಲ್ಲಿರುವ ‘ಬ್ಯಾಟಲ್’ ಎಂಬ ಪದದ ಕಾಗುಣಿತವೇ ತಪ್ಪು! ಆಮೇಲೆ ಬಂದ ಪುಸ್ತಕಗಳು ಇನ್ನೂ ವಿಚಿತ್ರ. ಒಂದೆರಡು ಅಂಗುಲದ ಹಾಳೆ, ಅಚ್ಚಿನಂತೆ ಕಾಣುವ ಇರುವೆಸಾಲಿನ ಅಕ್ಷರ. ಓದಬೇಕಾದವರು ಮರದ ಸಿಪಾಯಿಗಳಲ್ಲವೇ, ಪುಸ್ತಕವೂ ಅವರ ಕೈಗೆ ಹಿಡಿಸಬೇಕು!

ಆಟವನ್ನು ಕಥೆ ಮಾಡುವವರಿಗೆಲ್ಲ ಎದುರಾಗುವ ತೊಡಕು ಈ ಮಕ್ಕಳಿಗೂ ಎದುರಾಯಿತು. ಕಥೆಗಾರ ತನ್ನ ನಾಯಕನನ್ನು ಕೊನೆಯ ಪುಟದವರೆಗೂ ಉಳಿಸಿಕೊಳ್ಳಬಲ್ಲ. ಆಟಕ್ಕೆ ನಾಯಕ ಯಾರೆಂದು ಗೊತ್ತಿಲ್ಲ. ಇವತ್ತಿನ ಕದನದಲ್ಲಿ ಸತ್ತವನು ನಾಳೆಯ ಆಟಕ್ಕೆ ಬೇಕು. ಮಕ್ಕಳು ಕಂಡುಕೊಂಡ ಉಪಾಯ ಬಂದದ್ದು ನಮ್ಮ ಅಲ್ಫ್ ಲೈಲಾದಿಂದ. ಅರಬ್ಬೀ ಕಥೆಗಳನ್ನು ಓದಿಕೊಂಡಿದ್ದ ಅವರು ತಾವೇ ನಾಲ್ಕು ಜಿನ್‌ಗಳಾದರು: ಟಾಲಿ, ಬ್ರಾನಿ, ಎಮಿ, ಆನಿ. ಸತ್ತ ಸಿಪಾಯಿಯನ್ನು ಬದುಕಿಸುವುದು ಈ ಜಿನ್‌ಗಳ ಕೆಲಸ. ಪಾದ್ರಿಯ ಮನೆಯೊಳಗೆ ಜಿನ್‌ಗಳು ಹೀಗೆ ಓಡಾಡಿಕೊಂಡಿದ್ದವೆಂದು ನೆನೆದರೆ ನಮಗೆ ನಗು ಬರುತ್ತದೆ.

ಆದರೆ ಜಿನ್‌ಗಳ ಕೃಪೆ ಯಾರ ಮೇಲೆ? 1830–31ರಲ್ಲಿ ಬ್ರಾನ್‌ವೆಲ್ ಬರೆದ ‘ಯುವಕರ ಇತಿಹಾಸ’ದಲ್ಲಿ ಹನ್ನೆರಡು ಮಂದಿ ಹಡಗೇರಿ ಪಶ್ಚಿಮ ಆಫ್ರಿಕಾಕ್ಕೆ ಹೋಗಿ, ಅಶಾಂತಿಗಳನ್ನು ಸೋಲಿಸಿ, ಗಾಜಿನ ಪಟ್ಟಣವನ್ನು ಕಟ್ಟುತ್ತಾರೆ. ಅಶಾಂತಿಗಳು ಕಲ್ಪನೆಯ ಜನರಲ್ಲ. ಇಂದಿನ ಘಾನಾ ದೇಶದ ಆ ಜನ 1824ರಲ್ಲಿ ಬ್ರಿಟಿಷ್ ಗವರ್ನರ್ ಮೆಕಾರ್ಥಿಯನ್ನು ನಿಜವಾದ ರಣರಂಗದಲ್ಲೇ ಕೊಂದಿದ್ದರು. ಮಕ್ಕಳ ಕಥೆಯಲ್ಲಿ ಗೆಲುವು ಇತ್ತ ಕಡೆಗೆ ಬಂತು.

ಇನ್ನು ಷಾರ್ಲೆಟ್‌ಳ ವೆಲಿಂಗ್ಟನ್. ನಿಜದ ವೆಲಿಂಗ್ಟನ್ ಎಂದರೆ ಆರ್ಥರ್ ವೆಲ್ಲೆಸ್ಲಿ. 1799ರ ಏಪ್ರಿಲಿನಲ್ಲಿ ಶ್ರೀರಂಗಪಟ್ಟಣದ ಹತ್ತಿರದ ಸುಲ್ತಾನ್‌ಪೇಟೆ ತೋಪಿನ ಮೇಲೆ ರಾತ್ರಿ ದಾಳಿ ಮಾಡಲು ಹೋಗಿ, ಕತ್ತಲಲ್ಲಿ ಗಲಿಬಿಲಿಗೊಂಡು ಹಿಂದೆ ಸರಿದವನು ಇವನೇ. ಮೇ 4ರಂದು ಕೋಟೆ ಬಿದ್ದು ಟಿಪ್ಪು ಸುಲ್ತಾನರು ಹುತಾತ್ಮರಾದ ಮೇಲೆ ಪಟ್ಟಣದ ಅಧಿಕಾರ ಇವನ ಕೈಗೆ ಬಂತು. ಅಂದು ಸೆರೆಮನೆಯಿಂದ ಹೊರಬಂದ ಚನ್ನಗಿರಿಯ ಧೋಂಡಿಯಾ ವಾಘ್ ದೊಡ್ಡ ದಂಡು ಕಟ್ಟಿ ಕಂಪನಿಯನ್ನು ಕಾಡಿದ. 1800ರ ಸೆಪ್ಟೆಂಬರಿನಲ್ಲಿ ವೆಲ್ಲೆಸ್ಲಿ ಅವನನ್ನು ಬೆನ್ನಟ್ಟಿ ಕೊಂದ. ಧೋಂಡಿಯಾನ ಪುಟ್ಟ ಮಗ ಸಲಾಬತ್ ಖಾನ್ ಸಾಮಾನುಗಳ ನಡುವೆ ಸಿಕ್ಕಿದ. ವೆಲ್ಲೆಸ್ಲಿ ಆ ಮಗುವನ್ನು ತನ್ನ ಆಶ್ರಯದಲ್ಲಿ ಸಾಕಿಸಿದ. ಇಂಡಿಯಾ ಬಿಟ್ಟುಹೋಗುವಾಗ ಅವನ ಪೋಷಣೆಗೆ ಹಣವನ್ನೂ ಇಟ್ಟ.

ಈಗ ಬ್ರಾಂಟೆ ಮಕ್ಕಳ ಕಥೆಯನ್ನು ನೋಡಿ. ಸೋತು ಸತ್ತ ಅಶಾಂತಿ ದೊರೆಯ ಮಗ ಕ್ವಾಶಿಯಾನನ್ನು ವೆಲಿಂಗ್ಟನ್ ತನ್ನ ಮನೆಯಲ್ಲೇ ಸಾಕುತ್ತಾನೆ. ಬೆಳೆದ ಕ್ವಾಶಿಯಾ ಸಾಕಿದವರ ಮೇಲೆಯೇ ಕತ್ತಿ ಎತ್ತುತ್ತಾನೆ. ಕಥೆ ಅವನನ್ನು ಕೃತಘ್ನ ಎನ್ನುತ್ತದೆ. ತಂದೆಯನ್ನು ಕಳೆದುಕೊಂಡ ಮಗನೆಂದು ಓದಿದರೆ ನಮಗೆ ಬೇರೆಯೇ ಕಥೆ ಕೇಳಿಸುತ್ತದೆ. ಅವನ ತಂದೆಯನ್ನು ಬದುಕಿಸಲು ಯಾವ ಜಿನ್ನೂ ಬರಲಿಲ್ಲ.

ದೊಡ್ಡವರು ಆಡಿದ ಆಟವೂ ಒಂದಿದೆ. 1913ರಲ್ಲಿ ಎಚ್. ಜಿ. ವೆಲ್ಸ್ ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಬರೆದರು. ಸ್ಪ್ರಿಂಗ್ ಇರುವ ಆಟಿಕೆ ಫಿರಂಗಿಯಿಂದ ಮರದ ಗುಂಡು ಹಾರಿಸಿ ಸಿಪಾಯಿಗಳನ್ನು ಉರುಳಿಸುವ ಆಟದ ನಿಯಮಗಳು ಅದರಲ್ಲಿವೆ. ‘ಹುಕ್ಸ್ ಫಾರ್ಮ್ ಕದನ’ ಎಂಬ ಒಂದು ಆಟದ ವೃತ್ತಾಂತವೂ ಇದೆ, ಅದೂ ಫೋಟೋಗಳ ಸಮೇತ. ಚಿತ್ರದಿಂದ ಚಿತ್ರಕ್ಕೆ ಕದನ ಮುಂದುವರಿಯುತ್ತದೆ. ಅದನ್ನು ವೆಲ್ಸ್ ಬಡಾಯಿಕೋರ ಜನರಲ್ ಒಬ್ಬನ ಬಾಯಲ್ಲಿ ಹೇಳಿಸುತ್ತಾರೆ. ಅದನ್ನು ಓದಿದವರಿಗೆ ಜನರಲ್ಲುಗಳ ಆತ್ಮಕಥೆಗಳು ಹೇಗೆ ಹುಟ್ಟುತ್ತವೆಂದು ಬಿಡಿಸಿ ಹೇಳಬೇಕಾಗಿಲ್ಲ. ನಿಜವಾದ ಯುದ್ಧದ ಚಪಲವನ್ನು ಈ ಆಟದಲ್ಲೇ ತೀರಿಸಿಕೊಳ್ಳಿ ಎಂಬುದು ವೆಲ್ಸ್‌ರ ಆಶಯ. ಮರುವರ್ಷವೇ ಮಹಾಯುದ್ಧ ಶುರುವಾಯಿತು. ಅದನ್ನು ಯುದ್ಧವನ್ನೇ ಮುಗಿಸುವ ಯುದ್ಧವೆಂದು ಸಮರ್ಥಿಸಿ ಬರೆದವರಲ್ಲಿ ಇದೇ ವೆಲ್ಸ್ ಮುಂದಿದ್ದರು.

ವೆಲ್ಲೆಸ್ಲಿ ಶ್ರೀರಂಗಪಟ್ಟಣದಲ್ಲಿದ್ದಾಗ ದರಿಯಾ ದೌಲತ್‌ನಲ್ಲಿ ವಾಸವಾಗಿದ್ದ. ಅದರ ಗೋಡೆಯ ಮೇಲೆ 1780ರ ಪೊಲ್ಲಿಲೂರು ಕದನವಿದೆ. ಆಟದ ಕದನವಲ್ಲ, ಹೈದರ್ ಮತ್ತು ಟಿಪ್ಪು ಕಂಪನಿಯನ್ನು ಸೋಲಿಸಿದ ನಿಜವಾದ ಕದನ. ಮಾಸಿದ್ದ ಆ ಚಿತ್ರವನ್ನು ವೆಲ್ಲೆಸ್ಲಿಯೇ ಮತ್ತೆ ಬರೆಸಿದ. 1850ರ ದಶಕದಲ್ಲಿ ಡಾಲ್‌ಹೌಸಿಯ ಅಪ್ಪಣೆಯಂತೆ ಅದಕ್ಕೆ ಇನ್ನೊಮ್ಮೆ ಬಣ್ಣ ಬಂತು. ಸೋತವರೇ ದುಡ್ಡು ಕೊಟ್ಟು ಉಳಿಸಿದ ತಮ್ಮ ಸೋಲಿನ ಚಿತ್ರ ಅದು. ಅಲ್ಲಿ ಮದ್ದಿನ ಬಂಡಿ ಸಿಡಿಯುತ್ತಿದೆ. ಗಾಯಗೊಂಡ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿಕೊಂಡು ಕುಳಿತಿದ್ದಾನೆ. ಸುತ್ತ ಚೌಕಕಟ್ಟಿ ನಿಂತಿರುವ ಕೆಂಪಂಗಿಯ ಸಿಪಾಯಿಗಳ ಮುಖಗಳನ್ನು ಒಂದೊಂದಾಗಿ ನೋಡುತ್ತ ಹೋದರೆ, ಎಲ್ಲವೂ ಒಂದೇ ಪೆಟ್ಟಿಗೆಯಿಂದ ತೆಗೆದಿಟ್ಟಂತಿವೆ.