ಆನೆಲಾಯದಿಂದ ಹಾಲಿವುಡ್‌ಗೆ: ಕಾರಾಪುರದ ಸಾಬು

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡದ್ದು 1934ರಲ್ಲಿ. ಅದರ ಮರುವರ್ಷ, ಮೈಸೂರು ಮಹಾರಾಜರ ಆನೆಲಾಯದ ಆಶ್ರಯದಲ್ಲಿದ್ದ ಹನ್ನೊಂದು ವರ್ಷದ ಅನಾಥ ಹುಡುಗನೊಬ್ಬ ಇಂಗ್ಲಿಷ್ ಚಿತ್ರವೊಂದರ ನಾಯಕನಾಗಿ ಆಯ್ಕೆಯಾದ. ಇಪ್ಪತ್ತು ತುಂಬುವ ಮೊದಲೇ ಆತ ಹಾಲಿವುಡ್‌ನ ತಾರೆಯಾಗಿದ್ದ. ನಂತರ ಅಮೆರಿಕದ ಪ್ರಜೆಯಾದ. ಆ ದೇಶದ ಸೇನೆಯಲ್ಲಿ ಹೋರಾಡಿ ಪದಕ ಗಳಿಸಿದ. ಚಿತ್ರಗಳಲ್ಲಿ ಆತನ ಹೆಸರು ಒಂದೇ ಪದ: ಸಾಬು.

ಹಳೆಯ ‘ಜಂಗಲ್ ಬುಕ್’ ಚಿತ್ರದ ಮೋಗ್ಲಿಯನ್ನು ನೋಡಿದವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಆ ಮೋಗ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದವನು ಎಂಬುದು ತಿಳಿದಿರುವವರು ಕಡಿಮೆ. ಕಬಿನಿ ಹಿನ್ನೀರಿನ ದಂಡೆಯ ಈ ಊರಿಗೆ ಇಂದು ದೇಶವಿದೇಶಗಳಿಂದ ಪ್ರವಾಸಿಗರು ಬರುತ್ತಾರೆ. ಇದೇ ಊರಿನ ಹುಡುಗ ತೊಂಬತ್ತು ವರ್ಷಗಳ ಹಿಂದೆ ಜಗತ್ತಿನ ಕಣ್ಣಿಗೆ ಹೇಗೆ ಬಿದ್ದ? ಆ ಕಣ್ಣು ಆತನಲ್ಲಿ ಕಂಡದ್ದೇನು, ಕಾಣದೆ ಬಿಟ್ಟದ್ದೇನು?

ಮಾವುತನ ಮಗ

ಸಾಬು ಹುಟ್ಟಿದ್ದು 1924ರ ಜನವರಿ 27ರಂದು. ತಂದೆ ಮಹಾರಾಜರ ಸೇವೆಯಲ್ಲಿದ್ದ ಮಾವುತ. ತಾಯಿ ಬೇಗನೆ ತೀರಿಕೊಂಡರು. ತಂದೆಯೂ ಮಗನ ಎಳೆಯ ವಯಸ್ಸಿನಲ್ಲೇ ಕಣ್ಮುಚ್ಚಿದರು. ಒಡಹುಟ್ಟಿದವನೆಂದು ಇದ್ದದ್ದು ಅಣ್ಣ ಶೇಖ್ ದಸ್ತಗೀರ್. ಮುಂದೆ ದಾಖಲೆಗಳಲ್ಲಿ ‘ಸಾಬು ದಸ್ತಗೀರ್’ ಎಂದು ಬರುವ ಹೆಸರಿನ ಉತ್ತರಾರ್ಧ ಈ ಅಣ್ಣನಿಂದ ಬಂದದ್ದು ಎಂಬ ಅಭಿಪ್ರಾಯವಿದೆ.

ಕಾರಾಪುರಕ್ಕೆ ಹೊಂದಿಕೊಂಡಂತಿದ್ದ ಕಾಕನಕೋಟೆಯ ಕಾಡು ಖೆಡ್ಡಾಗಳಿಗೆ ಹೆಸರಾಗಿತ್ತು. ಕಾಡಾನೆಗಳ ಹಿಂಡನ್ನು ಸದ್ದುಗದ್ದಲದಿಂದ ಬೆದರಿಸಿ, ಕಬಿನಿ ಹೊಳೆ ದಾಟಿಸಿ, ದಿಮ್ಮಿಗಳ ಆವರಣದೊಳಗೆ ನುಗ್ಗಿಸಿ ಬಾಗಿಲು ಬೀಳಿಸುತ್ತಿದ್ದರು. ಬಳಿಕ ಪಳಗಿದ ಆನೆಗಳ ನೆರವಿನಿಂದ ಒಂದೊಂದನ್ನೇ ಹಗ್ಗ ಹಾಕಿ ಕಟ್ಟುತ್ತಿದ್ದರು. ಅರಮನೆಗೆ ಇದು ವೈಭವ, ವಿದೇಶಿ ಅತಿಥಿಗಳಿಗೆ ತಮಾಷೆ. ಮಾವುತರಿಗೆ ಮಾತ್ರ ಜೀವವನ್ನೇ ಪಣಕ್ಕಿಟ್ಟ ಕೆಲಸ. ಈ ಮನೆಗಳ ಮಕ್ಕಳು ಆನೆಯ ಕಾಲಬುಡದಲ್ಲೇ ಆಡಿ ಬೆಳೆಯುತ್ತಿದ್ದರು. ಆನೆ ಯಾವಾಗ ಪ್ರಸನ್ನ, ಯಾವಾಗ ಮುನಿದಿದೆ ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ.

ಫ್ಲಾಹರ್ಟಿ ಬಂದರು

1935ರಲ್ಲಿ ಅಮೆರಿಕದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದರು. ಉತ್ತರ ಕೆನಡಾದ ಹಿಮಪ್ರದೇಶದ ಜನರನ್ನು ಕುರಿತ ‘ನಾನೂಕ್ ಆಫ್ ದಿ ನಾರ್ತ್’ (1922) ಅವರಿಗೆ ಜಗತ್ತಿನಾದ್ಯಂತ ಹೆಸರು ತಂದಿತ್ತು. ವೃತ್ತಿನಟರನ್ನು ಬಿಟ್ಟು ಆಯಾ ನೆಲದ ಜನರನ್ನೇ ಕ್ಯಾಮೆರಾದ ಮುಂದೆ ನಿಲ್ಲಿಸುವುದು ಅವರ ಪದ್ಧತಿ. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಅವರಿಗಾಗಿ ರುಡ್ಯಾರ್ಡ್ ಕಿಪ್ಲಿಂಗ್‌ರ ‘ತೂಮಾಯ್ ಆಫ್ ದಿ ಎಲಿಫೆಂಟ್ಸ್’ ಕಥೆಯನ್ನು ಫ್ಲಾಹರ್ಟಿ ಚಿತ್ರ ಮಾಡಬೇಕಿತ್ತು. ದೊಡ್ಡ ಮಾವುತನಾಗುವ ಕನಸು ಕಾಣುವ ಹುಡುಗನ ಕಥೆ ಅದು.

ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಎಲ್ಲ ನೆರವನ್ನೂ ಕೊಟ್ಟಿತು. ಚಿತ್ರತಂಡ ಮೈಸೂರಿನ ಚಿತ್ತರಂಜನ ಮಹಲಿನಲ್ಲಿ ಬೀಡುಬಿಟ್ಟಿತು. ಮುಂದೆ 1950ರ ದಶಕದಲ್ಲಿ ಕನ್ನಡ ಚಿತ್ರಗಳ ತವರಾದ ಪ್ರೀಮಿಯರ್ ಸ್ಟುಡಿಯೊ ತಲೆಯೆತ್ತಿದ್ದೂ ಇದೇ ಮಹಲಿನಲ್ಲಿ. ನಾಯಕನ ಪಾತ್ರಕ್ಕೆ ಹುಡುಗರನ್ನು ಹುಡುಕುತ್ತಿದ್ದಾಗ ಛಾಯಾಗ್ರಾಹಕ ಆಸ್ಮಂಡ್ ಬೊರಾಡೈಲ್ ಅವರ ಕಣ್ಣಿಗೆ ಆನೆಲಾಯದಲ್ಲಿ ಸಾಬು ಬಿದ್ದ. ಆತನ ಜೊತೆ ಅಭಿನಯಿಸಿದ್ದು ಅರಮನೆಯ ಭಾರಿ ಆನೆ ಐರಾವತ. ಅಷ್ಟು ದೊಡ್ಡ ಆನೆ ಆ ಪುಟ್ಟ ಹುಡುಗನ ಮಾತು ಕೇಳುವುದನ್ನು ಕಂಡವರಿಗೆ ಬೇರೆ ನಟ ಬೇಕೆನಿಸಲಿಲ್ಲ.

ಚಿತ್ರದ ಉಳಿದ ಭಾಗವನ್ನು ಇಂಗ್ಲೆಂಡಿನ ಡೆನ್ಹಂ ಸ್ಟುಡಿಯೊದಲ್ಲಿ ಅಲೆಕ್ಸಾಂಡರ್‌ರ ತಮ್ಮ ಜೋಲ್ಟಾನ್ ಕೋರ್ಡಾ ಮುಗಿಸಿದರು. ಅಲ್ಲಿ ಮಾವುತರ ನಾಯಕ ಮಾಚುವಾ ಅಪ್ಪನ ಪಾತ್ರವನ್ನು ಮೈಗೆ ಬಣ್ಣ ಬಳಿದುಕೊಂಡು ಮಾಡಿದವರು ಇಂಗ್ಲಿಷ್ ನಟ ಅಲನ್ ಜೀಸ್. ನಿಜವಾದ ಮಾವುತನ ಮಗ ಒಬ್ಬ, ಬಣ್ಣದ ಮಾವುತ ಇನ್ನೊಬ್ಬ. 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ವೆನಿಸ್ ಚಿತ್ರೋತ್ಸವದಲ್ಲಿ ಇಬ್ಬರು ನಿರ್ದೇಶಕರಿಗೂ ಪ್ರಶಸ್ತಿ ತಂದಿತು. ಜನ ಮೆಚ್ಚಿದ್ದು ಮಾತ್ರ ಸಾಬುವನ್ನು.

ಕೀರ್ತಿಯ ದಿನಗಳು

ಅಣ್ಣನ ಜೊತೆ ಇಂಗ್ಲೆಂಡಿಗೆ ಹೋದ ಸಾಬು ಅಲ್ಲಿನ ಶಾಲೆಗೆ ಸೇರಿದ. ಕೋರ್ಡಾ ಆತನನ್ನು ಬಿಟ್ಟುಕೊಡಲಿಲ್ಲ. ಎರಡನೆಯ ಚಿತ್ರ ‘ದಿ ಡ್ರಮ್’ (1938). ವಾಯವ್ಯ ಗಡಿಯ ಕಥೆಯಲ್ಲಿ ಬ್ರಿಟಿಷರಿಗೆ ನೆರವಾಗುವ ರಾಜಕುಮಾರನ ಪಾತ್ರ ಸಾಬುವಿನದು. ಸ್ವಾತಂತ್ರ್ಯ ಹೋರಾಟದ ಕಾವಿನಲ್ಲಿದ್ದ ಭಾರತಕ್ಕೆ ಇದು ಸಹಿಸುವ ಚಿತ್ರವಾಗಿರಲಿಲ್ಲ. ಮುಂಬಯಿ ಮತ್ತು ಮದರಾಸಿನಲ್ಲಿ ಪ್ರತಿಭಟನೆಗಳಾದವು. ಹದಿನಾಲ್ಕರ ಹುಡುಗನಿಗೆ ಈ ರಾಜಕೀಯ ಎಷ್ಟು ಅರ್ಥವಾಗಿದ್ದೀತು? ಆದರೆ ಪರದೇಶದಲ್ಲಿ ತನ್ನ ನಾಡಿನ ಮುಖವಾಗಿದ್ದವನು ತನ್ನ ನಾಡಿನಲ್ಲೇ ಪರರ ಮುಖವಾಗಿ ಕಂಡದ್ದು ಆಗಲೇ ಮೊದಲು.

‘ಥೀಫ್ ಆಫ್ ಬಾಗ್ದಾದ್’ (1940) ಚಿತ್ರೀಕರಣ ಇಂಗ್ಲೆಂಡಿನಲ್ಲಿ ನಡೆಯುತ್ತಿದ್ದಾಗ ಎರಡನೆಯ ಮಹಾಯುದ್ಧ ಆರಂಭವಾಯಿತು. ಉಳಿದ ಕೆಲಸ ಅಮೆರಿಕದಲ್ಲಿ ಮುಗಿಯಿತು. ಸಾಬು ಕೂಡ ಅಮೆರಿಕ ಸೇರಿದ. ಈ ಚಿತ್ರಕ್ಕೆ ಮೂರು ಆಸ್ಕರ್ ಪ್ರಶಸ್ತಿಗಳು ಬಂದವು. ಕಳ್ಳ ಹುಡುಗ ಅಬುವಿನ ತುಂಟತನ ಮಾವುತನ ಪಾತ್ರದಾಚೆಗೂ ಸಾಬು ನಟಿಸಬಲ್ಲ ಎಂಬುದನ್ನು ತೋರಿಸಿತು. 1942ರಲ್ಲಿ ‘ಜಂಗಲ್ ಬುಕ್’ ಬಂತು. ಕಿಪ್ಲಿಂಗ್ ಕಲ್ಪಿಸಿದ ಕಾಡನ್ನು ಕ್ಯಾಲಿಫೋರ್ನಿಯದಲ್ಲಿ ಕಟ್ಟಿದ್ದರು. ಇಡೀ ಚಿತ್ರದಲ್ಲಿ ನಿಜವಾದ ಭಾರತದ ಕಾಡನ್ನು ಕಂಡ ನಾಯಕನಟನೆಂದರೆ ಸಾಬು ಒಬ್ಬನೇ.

ನಂತರ ಯೂನಿವರ್ಸಲ್ ಸಂಸ್ಥೆಗೆ ‘ಅರೇಬಿಯನ್ ನೈಟ್ಸ್’ (1942), ‘ವೈಟ್ ಸ್ಯಾವೇಜ್’ (1943), ‘ಕೋಬ್ರಾ ವುಮನ್’ (1944) ಬಂದವು. ಎಲ್ಲವೂ ಬಣ್ಣಬಣ್ಣದ ಸಾಹಸ ಚಿತ್ರಗಳು. ನಾಯಕ ಜಾನ್ ಹಾಲ್, ನಾಯಕಿ ಮರಿಯಾ ಮೊಂಟೆಜ್. ಸಾಬು ನಾಯಕನ ಗೆಳೆಯ. ಆತನ ಜಾಗ ಒಂದು ಮೆಟ್ಟಿಲು ಕೆಳಗಿಳಿದಿತ್ತು.

ಯುದ್ಧದ ಆಕಾಶದಲ್ಲಿ

1944ರ ಜನವರಿಯಲ್ಲಿ ಸಾಬು ಅಮೆರಿಕದ ಪೌರತ್ವ ಪಡೆದರು. ಅಲ್ಲಿನ ಸೇನೆಯ ವಾಯುಪಡೆಯಲ್ಲಿ ಬಿ-24 ಬಾಂಬರ್ ವಿಮಾನದ ಬಾಲದ ತುದಿಯಲ್ಲಿ ಕುಳಿತು ಬಂದೂಕು ಹಿಡಿಯುವ ಕೆಲಸ. ಹಿಂದಿನಿಂದ ಎರಗುವ ಶತ್ರು ವಿಮಾನಗಳಿಗೆ ಮೊದಲ ಗುರಿಯಾಗುವ ಜಾಗ ಅದು. ಪೆಸಿಫಿಕ್ ಸಾಗರದ ಮೇಲೆ ಹಲವು ಹತ್ತು ಕಾರ್ಯಾಚರಣೆಗಳಲ್ಲಿ ಭಾಗವಹಿಸಿದ ಅವರಿಗೆ ಶೌರ್ಯಕ್ಕಾಗಿ ‘ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್’ ಪದಕ ದೊರೆಯಿತು. ಯಾರೋ ಬರೆದ ಪಾತ್ರವಲ್ಲದ ಸಾಹಸ ಇದು.

ಯುದ್ಧದಿಂದ ಮರಳಿದಾಗ ಸಾಬುಗೆ ಇಪ್ಪತ್ತೆರಡರ ಆಸುಪಾಸು. ಹಾಲಿವುಡ್ ಬದಲಾಗಿತ್ತು. 1947ರ ‘ಬ್ಲ್ಯಾಕ್ ನಾರ್ಸಿಸಸ್’ ಅವರ ಅತ್ಯುತ್ತಮ ಚಿತ್ರಗಳಲ್ಲಿ ಒಂದು. ಹಿಮಾಲಯದ ತಪ್ಪಲಿನ ಕ್ರೈಸ್ತ ಸನ್ಯಾಸಿನಿಯರ ಕಥೆಯನ್ನು ಇಂಗ್ಲೆಂಡಿನ ಸ್ಟುಡಿಯೊದಲ್ಲೇ ಚಿತ್ರಿಸಿದ್ದರು. ಅದರಲ್ಲಿ ಓದಲು ಹಂಬಲಿಸುವ ಯುವ ಜನರಲ್ ಪಾತ್ರ ಸಾಬು ಅವರದು. ಆನೆ ಇಲ್ಲ, ಕಾಡು ಇಲ್ಲ. ಇಂಥ ಪಾತ್ರ ಮತ್ತೆ ಸಿಗಲಿಲ್ಲ. 1948ರಲ್ಲಿ ಮರ್ಲಿನ್ ಕೂಪರ್ ಅವರನ್ನು ಮದುವೆಯಾದರು, ಇಬ್ಬರು ಮಕ್ಕಳಾದರು. ಚಿತ್ರಗಳ ದರ್ಜೆ ಮಾತ್ರ ಇಳಿಯುತ್ತಾ ಹೋಯಿತು.

ಇಳಿಯದ ಆನೆ

ಬಾಲನಟರಿಗೆ ಬೆಳೆಯುವುದೇ ಕಷ್ಟ. ಹೆಬ್ರಿಯಿಂದ ಘಾಟಿ ಹತ್ತಿದರೆ ಸಿಗುವ ಆಗುಂಬೆಯಲ್ಲಿ ಶಂಕರನಾಗ್ 1980ರ ದಶಕದಲ್ಲಿ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದರು. ಅದರ ಸ್ವಾಮಿಯಾಗಿ ದೇಶಕ್ಕೆಲ್ಲ ಪರಿಚಯವಾದ ಮಾಸ್ಟರ್ ಮಂಜುನಾಥ್ ಬೆಳೆದ ಮೇಲೆ ನಟನೆ ಬಿಟ್ಟು ಬೇರೆ ವೃತ್ತಿ ಹಿಡಿದರು. ಹಾಗೆ ಇಳಿದುಹೋಗಲು ಮನೆ, ಓದು, ಊರು ಬೇಕು. ಸಾಬುಗೆ ಹಿಂತಿರುಗಲು ತಂದೆ-ತಾಯಿಯ ಮನೆ ಇರಲಿಲ್ಲ. ಹದಿಮೂರಕ್ಕೇ ಜಗತ್ತು ಕೊಟ್ಟ ಹೆಸರು ‘ಎಲಿಫೆಂಟ್ ಬಾಯ್’. ಆತ ಆನೆಯಿಂದ ಇಳಿದರೂ ಆನೆ ಆತನ ಹೆಗಲಿನಿಂದ ಇಳಿಯಲಿಲ್ಲ.

1950ರ ದಶಕದ ಆರಂಭದಲ್ಲಿ ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಅವರು ಆನೆಗಳ ಪ್ರದರ್ಶನ ಕೊಟ್ಟರು. 1952ರ ಇಟಲಿಯ ಚಿತ್ರವೊಂದರಲ್ಲಿ ಬಡ ಮೇಷ್ಟ್ರಿಗೆ ಆನೆ ಉಡುಗೊರೆ ಕೊಡುವ ರಾಜನಾದರು. ಮೇಷ್ಟ್ರಾಗಿದ್ದವರು ವಿಟ್ಟೋರಿಯೊ ಡಿ ಸಿಕಾ. ಮಹಾರಾಜರ ಆನೆಲಾಯದ ಹುಡುಗ ತೆರೆಯ ಮೇಲಾದರೂ ಆನೆಯ ಒಡೆಯನಾದ. ಟೆಲಿವಿಷನ್ ಬಂದಾಗ ಆ ಬಾಗಿಲನ್ನೂ ತಟ್ಟಿದರು. ಟಿವಿ ಸರಣಿಗೆಂದು ತಯಾರಾದದ್ದು ಕೊನೆಗೆ ‘ಸಾಬು ಅಂಡ್ ದಿ ಮ್ಯಾಜಿಕ್ ರಿಂಗ್’ (1957) ಎಂಬ ಸಿನಿಮಾವಾಗಿ ಹೊರಬಂತು. ಅದರಲ್ಲೂ ಆನೆಲಾಯದ ಹುಡುಗನ ವೇಷವೇ. ಆಗ ಅವರಿಗೆ ಮೂವತ್ತಮೂರು.

ಒಮ್ಮೆ ಭಾರತದ ಬಾಗಿಲು ತೆರೆಯುವಂತೆ ಕಂಡಿತ್ತು. ಮೆಹಬೂಬ್ ಖಾನ್ ‘ಮದರ್ ಇಂಡಿಯಾ’ದ (1957) ಬಿರ್ಜು ಪಾತ್ರಕ್ಕೆ ಮೊದಲು ಸಾಬು ಅವರನ್ನು ಯೋಚಿಸಿದ್ದರು. ಆದರೆ ಅಮೆರಿಕದ ಪ್ರಜೆಗೆ ಇಲ್ಲಿ ಕೆಲಸದ ಪರವಾನಗಿ ಸಿಗಲಿಲ್ಲ. ಪಾತ್ರ ಸುನಿಲ್ ದತ್ ಪಾಲಾಯಿತು. ಅದು ಅವರ ಬದುಕನ್ನೇ ಬದಲಿಸಿತು. ಹಾಲಿವುಡ್ ಕಣ್ಣಿಗೆ ಸದಾ ಭಾರತೀಯನಾಗಿದ್ದವರು ಭಾರತದ ಕಡತದಲ್ಲಿ ವಿದೇಶಿಯಾಗಿದ್ದರು.

1960ರಲ್ಲಿ ಹಾಲಿವುಡ್‌ನ ‘ವಾಕ್ ಆಫ್ ಫೇಮ್’ ಪಾದಚಾರಿ ಹಾದಿಯಲ್ಲಿ ಸಾಬು ಹೆಸರಿನ ನಕ್ಷತ್ರ ಮೂಡಿತು. ಅದೇ ವರ್ಷ ಅಣ್ಣ ದಸ್ತಗೀರ್ ದರೋಡೆಕೋರರ ಕೈಯಲ್ಲಿ ಕೊಲೆಯಾದರು. 1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯದಲ್ಲಿ ಸಾಬು ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಮೂವತ್ತೊಂಬತ್ತು. ಕೊನೆಯ ಚಿತ್ರ, ಡಿಸ್ನಿಯ ‘ಎ ಟೈಗರ್ ವಾಕ್ಸ್’, 1964ರಲ್ಲಿ ಅವರ ಮರಣಾನಂತರ ತೆರೆಕಂಡಿತು. ಅದರಲ್ಲಿ ಅವರು ಹುಲಿ ಪಳಗಿಸುವವ.

ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಕಬಿನಿ ಅಣೆಕಟ್ಟಿನ ನೀರು ಆ ನೆಲದ ಬಹುಭಾಗವನ್ನು ನುಂಗಿತು. ಹುಡುಗ ಸಾಬು ಕಂಡ ಕಾಡು ಒಂದಿಷ್ಟಾದರೂ ಉಳಿದಿರುವುದು ‘ಎಲಿಫೆಂಟ್ ಬಾಯ್’ ಚಿತ್ರದ ಕಪ್ಪುಬಿಳುಪು ದೃಶ್ಯಗಳಲ್ಲಿ. ಆ ಕಾರಣಕ್ಕಾದರೂ ಅದು ನಮ್ಮ ಇತಿಹಾಸದ ದಾಖಲೆ.

ಇಂದಿಗೂ ದಸರಾಕ್ಕೆ ಕಾಡಿನ ಶಿಬಿರಗಳಿಂದ ಆನೆಗಳ ಜೊತೆ ಮಾವುತರ, ಕಾವಾಡಿಗಳ ಕುಟುಂಬಗಳು ಮೈಸೂರು ಅರಮನೆಯ ಅಂಗಳಕ್ಕೆ ಬರುತ್ತವೆ. ಸೊಂಡಿಲು ಹಿಡಿದು ಆಡುವ ಅವರ ಮಕ್ಕಳ ಚಿತ್ರ ಪ್ರತಿವರ್ಷ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಓದು ತಪ್ಪದಿರಲೆಂದು ಆ ಮಕ್ಕಳಿಗೆ ಅಲ್ಲೇ ಡೇರೆ ಶಾಲೆ ನಡೆಸುವ ಪರಿಪಾಠವೂ ಬೆಳೆದಿದೆ. ಆ ಶಾಲೆಯ ಚಿತ್ರ ಆನೆಯ ಚಿತ್ರದಷ್ಟು ಚೆನ್ನಾಗಿ ಬರಲಿಕ್ಕಿಲ್ಲ. ಆದರೆ ಮಾವುತನ ಮಗ ಇನ್ನೇನಾದರೂ ಆಗಬಹುದೆಂಬ ಭರವಸೆ ಇರುವುದು ಆ ಡೇರೆಯಲ್ಲೇ.